ಓಪನ್‌ಸ್ಟ್ರೀಟ್‌ಮ್ಯಾಪ್: ನಮ್ಮ ಬೀದಿ ನಾವೇ ತಿದ್ಬೋದು

2004ರಲ್ಲಿ ಇಂಗ್ಲೆಂಡಲ್ಲಿ ಶುರುವಾದ ಈ ಆನ್‌ಲೈನ್ ಮ್ಯಾಪ್ ಬಸವನಗುಡೀಲಿ ನಾನು ದಿನಾ ಬಳಸ್ತೀನಿ, ತುಂಬಾ ಇಷ್ಟ. ಡೇಟಾ ಯಾವ್ದೋ ಕಂಪನಿ ಕೈಲಿಲ್ಲ, ಅಕೌಂಟ್ ಮಾಡ್ಕೊಂಡು ಯಾರ್ ಬೇಕಾದ್ರೂ ತಿದ್ಬೋದು. ನಮ್ಮ ಕ್ರಾಸ್ ಹೆಸ್ರು ಬರೀ ಇಂಗ್ಲಿಷಲ್ಲಿತ್ತು, ಕನ್ನಡಕ್ಕೇ ಅಂತ ಬೇರೆ ಜಾಗ ಇದೆ, ಟೈಪ್ ಮಾಡಿ ಸೇವ್ ಕೊಟ್ಟೆ ಅಷ್ಟೇ. ನಂಗೆ ಇನ್ನೂ ಹಿಡಿಸಿದ್ದು ಅಲ್ಲಿನ ಜನ, ಒನ್‌ವೇ ತಪ್ಪಾಗಿ ಹಾಕಿದ್ರೆ ಬೈಯಲ್ಲ, ಆ ಎಡಿಟ್ ಕೆಳಗೇ ಕಾಮೆಂಟ್ ಹಾಕಿ ಸಮಾಧಾನವಾಗಿ ಕೇಳ್ತಾರೆ, ಯಾರು ಏನು ಬದಲಾಯಿಸಿದ್ರು ಅಂತ ಹಿಸ್ಟರಿ ಇರುತ್ತೆ, ಕಿತಾಪತಿ ಮಾಡಿದ್ರೆ ವಾಪಸ್ ಸರಿ ಮಾಡ್ಬೋದು. ಲೈವ್ ಟ್ರಾಫಿಕ್ ಇಲ್ಲ, ಸಿಲ್ಕ್ ಬೋರ್ಡ್ ಕಡೆ ಹೋಗೋರಿಗೆ ಅದು ಕಷ್ಟಾನೇ. ಸಣ್ಣ ಅಂಗಡಿಗಳೂ ಎಷ್ಟೋ ಬಾಕಿ ಇವೆ. ಆಂಡ್ರಾಯ್ಡ್ ಇದ್ರೆ ಸ್ಟ್ರೀಟ್‌ಕಂಪ್ಲೀಟ್ ಅನ್ನೋ ಆ್ಯಪ್ ಹಾಕ್ಕೊಳಿ, ವಾಕಿಂಗ್ ಹೋಗ್ತಾನೇ ಅದು ಕೇಳೋ ಪ್ರಶ್ನೆಗೆ ಉತ್ತರ ಕೊಟ್ರೆ ಮ್ಯಾಪ್‌ಗೆ ಸೇರುತ್ತೆ.