ಹ್ಯಾಲೋಟ್ಯಾಗ್ ಮತ್ತು ಜೆಎಫ್ ಡೈ: ಬಹಳ ಕಾಲ ಬಳಸಿದವರ ಮಾತು

ಕೋಶಪೊರೆಯ ಮೇಲೆ ರಿಸೆಪ್ಟರ್‌ಗಳು (ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್‌ಗಳು) ಹೇಗೆ ಓಡಾಡುತ್ತವೆ ಅಂತ ನೋಡುವುದು ನಮ್ಮ ಲ್ಯಾಬಿನ ಕೆಲಸ. ಮೊದಲು ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನ್ ಬಳಸುತ್ತಿದ್ದೆವು. ಇಡೀ ಕೋಶದ ಚಿತ್ರಕ್ಕೆ ಅದು ಸಾಕು. ಆದರೆ ಒಂದೊಂದೇ ಅಣುವನ್ನು ಹಿಂಬಾಲಿಸಲು ಲೇಸರ್ ಜೋರು ಮಾಡಿದರೆ ಕಣ್ಣೆದುರೇ ಆರಿಹೋಗುತ್ತದೆ. ಆಂಟಿಬಾಡಿಯದು, ಅಂದರೆ ರಿಸೆಪ್ಟರನ್ನು ಗುರುತಿಸಿ ಹಿಡಿಯುವ ಪ್ರೋಟೀನಿನದು, ಬೇರೆ ತಕರಾರು. ಅದಕ್ಕೆ ಎರಡು ಕೈ. ಜೀವಂತ ಕೋಶದಲ್ಲಿ ಎರಡು ರಿಸೆಪ್ಟರ್‌ಗಳನ್ನು ಒಟ್ಟಿಗೆ ಹಿಡಿದುಬಿಡಬಹುದು. ಆಮೇಲೆ ಕಾಣುವ ಗುಂಪು ಕೋಶದ್ದಾ, ನಾವೇ ಮಾಡಿದ್ದಾ?

ಹ್ಯಾಲೋಟ್ಯಾಗ್ ಅಂದರೆ ಬ್ಯಾಕ್ಟೀರಿಯಾದ ಒಂದು ಕಿಣ್ವವನ್ನು ತಿದ್ದಿ ಮಾಡಿದ ಪ್ರೋಟೀನ್. ಅದನ್ನು ರಿಸೆಪ್ಟರ್ ಜೊತೆ ಜೋಡಿಸಿ ಕೋಶದಲ್ಲಿ ತಯಾರಾಗುವಂತೆ ಮಾಡಬೇಕು. ಅದಕ್ಕೆ ಹೊಂದುವ ಡೈ (ಹೊಳೆಯುವ ಬಣ್ಣ) ಹಾಕಿದರೆ ಕೋವೇಲೆಂಟ್ ಅಂದರೆ ಗಟ್ಟಿ ರಾಸಾಯನಿಕ ಬಂಧದಲ್ಲಿ ಕೂತುಬಿಡುತ್ತದೆ, ಮತ್ತೆ ಬಿಡುವುದಿಲ್ಲ. ಜೆಎಫ್ (ಜನೀಲಿಯಾ ಫ್ಲೋರ್) ಡೈಗಳನ್ನು ಅಮೆರಿಕದ ಜನೀಲಿಯಾ ಸಂಶೋಧನಾ ಕೇಂದ್ರದಲ್ಲಿ ಲ್ಯೂಕ್ ಲೇವಿಸ್ ತಂಡ ಮಾಡಿದ್ದು, 2015ರಲ್ಲಿ ಪ್ರಕಟವಾಯಿತು. ಹಳೆಯ ರೋಡಮೀನ್‌ನಂಥ ಡೈಗೆ ನಾಲ್ಕು ಪರಮಾಣುಗಳ ಪುಟ್ಟ ಉಂಗುರ ಸೇರಿಸಿದರು. ಹೊಳಪು ಜಾಸ್ತಿ, ಬಾಳಿಕೆಯೂ ಜಾಸ್ತಿ.

ನನಗೆ ಹಿಡಿಸಿದ್ದು ಡೈಯ ಪ್ರಮಾಣ ನಮ್ಮ ಕೈಯಲ್ಲಿರುವುದು. ಎಲ್ಲ ರಿಸೆಪ್ಟರ್‌ಗಳೂ ಬೆಳಗಬೇಕಾ, ನೂರರ ಆಸುಪಾಸಿನ ನ್ಯಾನೋಮೋಲಾರ್ (ಸಾಂದ್ರತೆಯ ಅಳತೆ) ಹಾಕಿ. ಅಲ್ಲೊಂದು ಇಲ್ಲೊಂದು ಸಾಕಾ, ಒಂದು ನ್ಯಾನೋಮೋಲಾರ್‌ಗಿಂತಲೂ ಕೆಳಗೆ ಇಳಿಸಿ. ಟರ್ಫ್ (TIRF) ಮೈಕ್ರೋಸ್ಕೋಪಿನಲ್ಲಿ ಗಾಜಿಗೆ ತಾಗಿದ ನೂರಿನ್ನೂರು ನ್ಯಾನೋಮೀಟರ್ ಮಾತ್ರ ಬೆಳಗುತ್ತದೆ. ಅಲ್ಲಿ ಚುಕ್ಕಿಗಳು ಅಲೆದಾಡಿ, ಒಂದೇ ಏಟಿಗೆ ಆರುತ್ತವೆ. ಹಾಗೆ ಆರಿತೆಂದರೆ ಅಲ್ಲಿದ್ದದ್ದು ಒಂದೇ ಡೈ ಅಣು ಅನ್ನಲು ಒಳ್ಳೆಯ ಗುರುತು.

ತೊಂದರೆಗಳೂ ಇವೆ. ಟ್ಯಾಗ್ 33 ಕಿಲೋಡಾಲ್ಟನ್ ತೂಕದ್ದು, ಜಿಎಫ್‌ಪಿಗಿಂತ ದೊಡ್ಡದು. ಸಣ್ಣ ಪ್ರೋಟೀನಿಗೆ ಇದು ಭಾರವೇ. ಜೆಎಫ್549 ಎಂಬ ಡೈ ಕೋಶದೊಳಗೂ ಹೋಗುವುದರಿಂದ ಇನ್ನೂ ಪೊರೆ ತಲುಪದ ಪ್ರೋಟೀನೂ ಹೊಳೆಯುತ್ತದೆ. ಹೊರಮೈ ಮಾತ್ರ ಬೇಕಿದ್ದರೆ ಒಳಗೆ ನುಗ್ಗದ ಡೈ ತಗೊಳ್ಳಿ, ಟ್ಯಾಗನ್ನೂ ಹೊರಗಡೆಗೇ ಇಡಿ.

ಎಲ್ಲಕ್ಕಿಂತ ಕಿರಿಕಿರಿ ಗಾಜಿನದು. ಡೈ ಕೋಶದಡಿಯ ಗಾಜಿಗೂ (ಕವರ್‌ಸ್ಲಿಪ್) ಅಂಟುತ್ತದೆ. ಆ ಚುಕ್ಕಿ ಅಲುಗಾಡುವುದಿಲ್ಲ, ನೋಡಿದರೆ ಥೇಟ್ ನಿಂತುಬಿಟ್ಟ ರಿಸೆಪ್ಟರ್! ಟ್ಯಾಗ್ ಇಲ್ಲದ ಕೋಶಕ್ಕೂ ಅದೇ ಡೈ ಹಾಕಿ ಚುಕ್ಕಿ ಎಣಿಸದೆ ನಾನು ಯಾವ ಡೇಟಾವನ್ನೂ ನಂಬುವುದಿಲ್ಲ. ಜೆಎಫ್646ನಲ್ಲಿ ಹಿನ್ನೆಲೆ ಸ್ವಲ್ಪ ವಾಸಿ, ಟ್ಯಾಗಿಗೆ ಕೂರುವವರೆಗೆ ಅದು ಮಂಕಾಗಿಯೇ ಇರುತ್ತದೆ.

ಬೆಲೆ ಕೈ ಸುಡುತ್ತದೆ. ನಮ್ಮ ಡೀಲರ್ ತರಿಸಿಕೊಡುವಷ್ಟರಲ್ಲಿ ಕಾದು ಸುಸ್ತು. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಸಣ್ಣ ಸಣ್ಣ ಭಾಗ ಮಾಡಿ ಫ್ರೀಜರಿನಲ್ಲಿಟ್ಟರೆ ಬಹಳ ದಿನ ಬರುತ್ತದೆ.

ರೋಗಿಯ ಅಂಗಾಂಶ ನೋಡುವವರಿಗೆ ಇದು ಬೇಡ, ಟ್ಯಾಗ್ ಇಲ್ಲದ ಕಡೆ ಆಂಟಿಬಾಡಿಯೇ ಗತಿ.