ಸರ್ವರ್ ಓಡುತ್ತಿತ್ತು, ಟಾಸ್ಕ್ ನಿಂತಿತ್ತು: ಜಾವಾ ಶೆಡ್ಯೂಲರ್ ಬಳಸುವವರಿಗೆ ಎಚ್ಚರಿಕೆ

ಟಾಮ್‌ಕ್ಯಾಟ್‌ನಲ್ಲಿ (ಜಾವಾ ವೆಬ್ ಆ್ಯಪ್‌ಗಳನ್ನು ಓಡಿಸುವ ಸರ್ವರ್) ಓಡುವ ಆ್ಯಪ್ ಒಳಗೆ ಗಂಟೆಗೊಮ್ಮೆ, ದಿನಕ್ಕೊಮ್ಮೆ ಆಗಬೇಕಾದ ಕೆಲಸವನ್ನು ಶೆಡ್ಯೂಲ್ಡ್ ಎಕ್ಸಿಕ್ಯೂಟರ್‌ಗೆ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಜಾವಾ ಸೌಲಭ್ಯ) ಒಪ್ಪಿಸಿದ್ದೀರಾ? ದಯವಿಟ್ಟು ಇವತ್ತೇ ಆ ಕೋಡ್ ತೆರೆದು ನೋಡಿ.

ನಮ್ಮಲ್ಲಿ ಚಂದಾ ಮುಗಿಯುವವರಿಗೆ ಗಂಟೆಗೊಮ್ಮೆ ಮೇಲ್ ಕಳಿಸುವ ಟಾಸ್ಕ್ ಇತ್ತು. ಅದು ನಿಂತುಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಲಾಗಿನ್ ಆಗುತ್ತಿತ್ತು, ಪುಟಗಳು ತೆರೆಯುತ್ತಿದ್ದವು, ಲಾಗ್‌ನಲ್ಲಿ ಒಂದು ಎರರ್ ಕೂಡ ಇರಲಿಲ್ಲ. "ಒಂದು ಮಾತೂ ಹೇಳದೆ ಖಾತೆ ಬಂದ್ ಮಾಡಿದ್ದೀರಿ" ಎಂದು ಗ್ರಾಹಕರು ಸಿಟ್ಟಾದಾಗಲೇ ವಿಷಯ ಹೊರಬಿತ್ತು. ಸರ್ವರ್ ರೀಸ್ಟಾರ್ಟ್ ಮಾಡಿದರೆ ಒಂದು ಸುತ್ತು ಓಡಿ, ಮತ್ತೆ ಮೌನ.

ಒಂದು ದಾಖಲೆಯಲ್ಲಿ ದಿನಾಂಕವೇ ಇರಲಿಲ್ಲ. ಅಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಶನ್ (ಇಲ್ಲದ ಮೌಲ್ಯವನ್ನು ಬಳಸಲು ಹೋದಾಗ ಬರುವ ದೋಷ) ಬಂತು. ಟಾಸ್ಕನ್ನು ನಿಗದಿತ ಅಂತರದಲ್ಲಿ ಮತ್ತೆ ಮತ್ತೆ ಓಡಿಸುವ ಶೆಡ್ಯೂಲ್‌ಅಟ್‌ಫಿಕ್ಸ್‌ಡ್‌ರೇಟ್‌ನ ನಿಯಮವೇ ಹಾಗಿದೆ: ಟಾಸ್ಕ್‌ನಿಂದ ಒಂದು ಎಕ್ಸೆಪ್ಶನ್ ಹೊರಗೆ ಬಿದ್ದರೆ ಮುಂದಿನ ಸುತ್ತುಗಳೆಲ್ಲ ರದ್ದು. ಆ ಎಕ್ಸೆಪ್ಶನ್, ಟಾಸ್ಕ್‌ನ ಫಲಿತಾಂಶ ಇಟ್ಟುಕೊಳ್ಳುವ ಫ್ಯೂಚರ್ ಆಬ್ಜೆಕ್ಟ್ ಒಳಗೆ ಕೂತಿರುತ್ತದೆ. ಗೆಟ್ ಮೆಥಡ್ ಕರೆದವರಿಗೆ ಮಾತ್ರ ಕಾಣುತ್ತದೆ, ಸಾಮಾನ್ಯವಾಗಿ ಅದನ್ನು ಯಾರೂ ಕರೆಯುವುದಿಲ್ಲ. ಫಿಕ್ಸ್‌ಡ್‌ಡಿಲೇ ಬಳಸಿದರೂ ಇದೇ ಕಥೆ. ಹಳೆಯ ಟೈಮರ್ ಕ್ಲಾಸ್ ಇನ್ನೂ ಅಪಾಯಕಾರಿ: ಒಂದು ಟಾಸ್ಕ್ ಹೀಗೆ ಬಿದ್ದರೆ ಟೈಮರ್‌ನ ಥ್ರೆಡ್ಡೇ (ಟಾಸ್ಕ್‌ಗಳನ್ನು ಓಡಿಸುವ ಎಳೆ) ಸತ್ತು, ಅದೇ ಟೈಮರ್‌ಗೆ ಕೊಟ್ಟ ಉಳಿದ ಟಾಸ್ಕ್‌ಗಳೂ ನಿಲ್ಲುತ್ತವೆ.

ರನ್ ಮೆಥಡ್‌ನ ಇಡೀ ಒಡಲನ್ನು ಟ್ರೈ-ಕ್ಯಾಚ್‌ನಲ್ಲಿ ಸುತ್ತಿ, ಸಿಕ್ಕಿದ್ದನ್ನು ಲಾಗ್ ಮಾಡಿ. ಎಕ್ಸೆಪ್ಶನ್ ಹಿಡಿದರೆ ಸಾಲದು, ಎಕ್ಸೆಪ್ಶನ್, ಎರರ್ ಎರಡನ್ನೂ ಒಳಗೊಂಡ ಥ್ರೋಯಬಲ್ ಹಿಡಿಯಿರಿ. ಯಾವುದೋ ಜಾರ್ (ಜಾವಾ ಕೋಡ್‌ನ ಪೊಟ್ಟಣ) ಬಿಟ್ಟುಹೋಗಿ ಬರುವ ನೋ ಕ್ಲಾಸ್ ಡೆಫ್ ಫೌಂಡ್ ಎರರ್ ಬರೀ ಎಕ್ಸೆಪ್ಶನ್ ಹಿಡಿದರೆ ಸಿಗುವುದಿಲ್ಲ. ಲೂಪ್ ಒಳಗೂ ಪ್ರತಿ ದಾಖಲೆಗೆ ಬೇರೆ ಟ್ರೈ ಇರಲಿ. ಇಲ್ಲದಿದ್ದರೆ ಕೆಟ್ಟ ಒಂದು ದಾಖಲೆಯ ಹಿಂದೆ ನಿಂತವರಿಗೆಲ್ಲ ಮೇಲ್ ತಪ್ಪುತ್ತದೆ.

ಇದು ಸರಿಯಾದ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಟಾಮ್‌ಕ್ಯಾಟ್ ನಿಲ್ಲಿಸದೆ ಹೊಸ ವಾರ್ ಫೈಲ್ (ಇಡೀ ಆ್ಯಪ್‌ನ ಪೊಟ್ಟಣ) ಹಾಕಿದ ಮೇಲೆ ಪ್ರತಿಯೊಬ್ಬರಿಗೂ ಎರಡೆರಡು ಮೇಲ್ ಹೋಗತೊಡಗಿತು. ಆ್ಯಪ್ ಹೊಸದಾದರೂ ಹಳೆಯ ಥ್ರೆಡ್ ತನ್ನ ಹಳೆಯ ಕ್ಲಾಸ್‌ಲೋಡರ್ (ಕ್ಲಾಸ್‌ಗಳನ್ನು ಮೆಮೊರಿಗೆ ತರುವ ಭಾಗ) ಹಿಡಿದುಕೊಂಡೇ ಓಡುತ್ತಿತ್ತು, ಮೆಮೊರಿಯನ್ನೂ ಬಿಟ್ಟಿರಲಿಲ್ಲ. ಆ್ಯಪ್ ಶುರು ಮಾಡಿದ ಥ್ರೆಡ್ ನಿಂತಿಲ್ಲ ಎಂದು ಟಾಮ್‌ಕ್ಯಾಟ್ ತನ್ನ ಲಾಗ್‌ನಲ್ಲಿ ಸ್ಪಷ್ಟವಾಗಿಯೇ ಎಚ್ಚರಿಸಿತ್ತು. ಆ ಸಾಲನ್ನು ಎಂದೂ ಕಡೆಗಣಿಸಬೇಡಿ. ಆ್ಯಪ್ ಶುರುವಾದಾಗ, ನಿಂತಾಗ ಟಾಮ್‌ಕ್ಯಾಟ್ ಕರೆಯುವ ಕಾಂಟೆಕ್ಸ್ಟ್ ಲಿಸನರ್‌ನ ಕಾಂಟೆಕ್ಸ್ಟ್‌ಡಿಸ್ಟ್ರಾಯ್ಡ್ ಮೆಥಡ್‌ನಲ್ಲಿ ಶಟ್‌ಡೌನ್‌ನೌ ಕರೆದು, ಥ್ರೆಡ್ ಮುಗಿಯುವವರೆಗೆ ಸ್ವಲ್ಪ ಕಾಯಿರಿ. ಶಟ್‌ಡೌನ್‌ನೌ ಇಂಟರಪ್ಟ್ (ನಿಲ್ಲು ಎಂಬ ಸೂಚನೆ) ಕಳಿಸುತ್ತದೆ, ಅಷ್ಟೇ. ನಿಮ್ಮ ಕೋಡ್ ಅದಕ್ಕೆ ಓಗೊಡದಿದ್ದರೆ ಥ್ರೆಡ್ ನಿಲ್ಲುವುದಿಲ್ಲ. ಥ್ರೆಡ್‌ಗೆ ಗುರುತಿಸುವಂಥ ಹೆಸರಿಡಿ, ಆಗ ಥ್ರೆಡ್ ಡಂಪ್‌ನಲ್ಲಿ (ಓಡುತ್ತಿರುವ ಥ್ರೆಡ್‌ಗಳ ಪಟ್ಟಿ) ಒಂದಿದೆಯೋ ಎರಡಿದೆಯೋ ತಕ್ಷಣ ಕಾಣುತ್ತದೆ.

ಒಂದಕ್ಕಿಂತ ಹೆಚ್ಚು ಸರ್ವರ್‌ಗಳಿದ್ದರೆ ಪ್ರತಿಯೊಂದೂ ಅದೇ ಟಾಸ್ಕ್ ಓಡಿಸುತ್ತದೆ. ಅಲ್ಲಿ ಡೇಟಾಬೇಸ್ ಲಾಕ್ ಅಥವಾ ಜಾವಾ ಶೆಡ್ಯೂಲರ್ ಲೈಬ್ರರಿಯಾದ ಕ್ವಾರ್ಟ್ಸ್‌ನ ಕ್ಲಸ್ಟರ್ ವ್ಯವಸ್ಥೆ ಬೇಕೇ ಬೇಕು.

ಪ್ರತಿ ಸುತ್ತು ಸರಿಯಾಗಿ ಮುಗಿದಾಗ ಆ ಹೊತ್ತನ್ನು ಒಂದು ಟೇಬಲ್‌ನಲ್ಲಿ ಬರೆದಿಡಿ. ಎರಡು ಸುತ್ತಿನಷ್ಟು ಹೊತ್ತು ಅದು ಬದಲಾಗದಿದ್ದರೆ ಅಲರ್ಟ್ ಬರಲಿ. ಅದನ್ನು ಗಮನಿಸುವ ಪ್ರೋಗ್ರಾಂ ಮಾತ್ರ ಅದೇ ಆ್ಯಪ್ ಒಳಗಿರದೆ ಹೊರಗಿರಬೇಕು.