ಶಾಲೆಯ ಆಹಾರ ಪರೀಕ್ಷೆ ಕಿಟ್: ಬಣ್ಣ ಚೆನ್ನಾಗಿ ಬರುತ್ತದೆ, ಲೆಕ್ಕ ಮಾತ್ರ ನಾವೇ ಹೇಳಿಕೊಡಬೇಕು

ಆಹಾರದ ಘಟಕಗಳ ಪಾಠ ಬಂತೆಂದರೆ ಶಾಲೆಗಳು ಹುಡುಕುವ ಸಾಮಾನು ಇದು. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ಒಳಗಿರುವುದು ಹೆಚ್ಚುಕಡಿಮೆ ಒಂದೇ: ಅಯೋಡಿನ್ ದ್ರಾವಣ, ಬೆನೆಡಿಕ್ಟ್ ದ್ರಾವಣ, ಮೈಲುತುತ್ತದ ದ್ರಾವಣ, ಕಾಸ್ಟಿಕ್ ಸೋಡಾ ದ್ರಾವಣ, ಒಂದಷ್ಟು ಪ್ರನಾಳಗಳು, ಡ್ರಾಪರ್, ಸ್ಪಿರಿಟ್ ದೀಪ, ಜೊತೆಗೊಂದು ಕೈಪಿಡಿ. ಹಾಗಾಗಿ ಈ ವಿಮರ್ಶೆ ಯಾವುದೋ ಒಂದು ಕಂಪನಿಯದ್ದಲ್ಲ, ಈ ಬಗೆಯ ಕಿಟ್‌ನದ್ದು.

ಕೊಳ್ಳಬಹುದೇ ಅಂದರೆ, ಕೊಳ್ಳಬಹುದು. ಆದರೆ ಕೈಪಿಡಿಯೊಂದನ್ನೇ ನೆಚ್ಚಿಕೊಂಡು ಪಾಠ ಮಾಡಿದರೆ ಮಕ್ಕಳು ಮೂರು ತಪ್ಪು ತಿಳಿವಳಿಕೆ ಹೊತ್ತುಕೊಂಡು ಮನೆಗೆ ಹೋಗುತ್ತಾರೆ. ಸಕ್ಕರೆಯಲ್ಲಿ ಸಕ್ಕರೆ ಇಲ್ಲ, ಅನ್ನದಲ್ಲಿ ಪ್ರೋಟೀನ್ ಇಲ್ಲ, ರಾಗಿಯೂ ಅಕ್ಕಿಯೂ ಒಂದೇ. ಮೂರೂ ಈ ಕಿಟ್ಟಿನ ಬಣ್ಣಗಳಿಂದಲೇ ಹುಟ್ಟುತ್ತವೆ.

ಮೊದಲು ಚೆನ್ನಾಗಿರುವುದನ್ನು ಹೇಳೋಣ. ಪಿಷ್ಟ (ಸ್ಟಾರ್ಚ್) ಇದೆಯೇ ಎಂದು ತೋರಿಸುವ ಅಯೋಡಿನ್ ಪರೀಕ್ಷೆ ಒಂದಕ್ಕೇ ಕಿಟ್ಟಿನ ಅರ್ಧ ಬೆಲೆ ಕೊಡಬಹುದು. ಆಲೂಗಡ್ಡೆ ಬಿಲ್ಲೆ, ಅವಲಕ್ಕಿ, ಅನ್ನ, ಬ್ರೆಡ್ ಯಾವುದಕ್ಕೂ ಒಂದು ಹನಿ ಬಿಟ್ಟರೆ ಕಣ್ಣೆದುರಿಗೇ ಕಡು ನೀಲಿ. ದ್ರಾವಣ ತಿಳಿ ಚಹಾ ಡಿಕಾಕ್ಷನ್ನಿನ ಬಣ್ಣದಲ್ಲಿರಬೇಕು. ಗಾಢವಾಗಿದ್ದರೆ ಎಲ್ಲದರ ಮೇಲೂ ಕಂದು ಕಲೆ ಕೂತು ನೀಲಿ ಯಾವುದು, ಕಂದು ಯಾವುದು ಗೊತ್ತಾಗದು. ಇಲ್ಲಿ ಪದೇ ಪದೇ ಆಗುವ ಎಡವಟ್ಟು ಒಂದೇ: ಬಿಸಿಯೂಟದ ಅನ್ನವನ್ನು ಹಬೆಯಾಡುವಾಗಲೇ ತಂದು ಪರೀಕ್ಷಿಸುವುದು. ಪಿಷ್ಟದ ಸುರುಳಿಯೊಳಗೆ ಅಯೋಡಿನ್ ಸಿಕ್ಕಿಕೊಂಡಾಗಲೇ ನೀಲಿ ಬಣ್ಣ. ಬಿಸಿಗೆ ಆ ಹಿಡಿತ ಸಡಿಲುತ್ತದೆ, ಬಣ್ಣ ಮಾಯವಾಗುತ್ತದೆ. ಆರಿದ ಮೇಲೆ ಅದೇ ಅನ್ನ ನೀಲಿಯಾಗುತ್ತದೆ. ಕೈಪಿಡಿಗಳಲ್ಲಿ ‘ಆರಿದ ಅನ್ನ’ ಎಂದು ಬರೆದಿರಲೇಬೇಕಿತ್ತು. ಇನ್ನೊಂದು ಮಾತು, ಅಯೋಡಿನ್ ಬಿಳಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಂದಿದ್ದರೆ ಅದು ಬೇಗ ಸತ್ತುಹೋಗುತ್ತದೆ. ಬೆಳಕು ತಾಗದ ಕಂದು ಗಾಜಿನ ಬಾಟಲಿಗೆ ಹಾಕಿಡಿ. ತರಗತಿಗೆ ಹೋಗುವ ಮುನ್ನ ಆರಿದ ಗಂಜಿಗೆ ಒಂದು ಹನಿ ಬಿಟ್ಟು ನೋಡಿ.

ರಾಗಿ ಹಿಟ್ಟಿನ ಮೇಲೆ ಅಯೋಡಿನ್ ಹಾಕಿದರೆ ಹಿಟ್ಟಿನ ಸ್ವಂತ ಬಣ್ಣದಲ್ಲಿ ಏನೂ ಕಾಣಿಸದು. ಹಿಂದಿನ ದಿನ ನೆನೆಸಿದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ರಾಗಿ ಹಾಲನ್ನು ಒಂದೆರಡು ಗಂಟೆ ಅಲ್ಲಾಡಿಸದೆ ಇಡಿ. ತಳದಲ್ಲಿ ಕೂತ ತಿಳಿ ಬಣ್ಣದ ಗಸಿಯ ಮೇಲೆ ಹನಿ ಬಿಟ್ಟರೆ ನೀಲಿ ನಿಚ್ಚಳವಾಗಿ ಬರುತ್ತದೆ. ಆದರೆ ಆಮೇಲೆ? ಅಕ್ಕಿಯೂ ನೀಲಿ, ರಾಗಿಯೂ ನೀಲಿ. ಮಗು ‘ಎರಡರಲ್ಲೂ ಪಿಷ್ಟ’ ಎಂದು ಬರೆದು ಪುಸ್ತಕ ಮುಚ್ಚುತ್ತದೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಕಷ್ಟ. ಮುದ್ದೆ ಉಣ್ಣುವ ನಾಡಿನ ಮಕ್ಕಳಿಗೆ ಹೇಳಲೇಬೇಕಾದ ಈ ಮಾತಿಗೆ ಕಿಟ್‌ನಲ್ಲಿ ಯಾವ ಬಾಟಲಿಯೂ ಇಲ್ಲ. ಕಬ್ಬಿಣಕ್ಕೂ ಇಲ್ಲ, ನಾರಿಗೂ ಇಲ್ಲ. ಬೋರ್ಡಿನ ಮೇಲೆ ನೀವೇ ಬರೆಯಬೇಕು.

ಬೆನೆಡಿಕ್ಟ್ ದ್ರಾವಣದ ಕತೆ ಇನ್ನೂ ತೊಡಕಿನದು. ಪ್ರನಾಳದಲ್ಲಿ 2 ಮಿ.ಲೀ. ಮಾದರಿ, ಅಷ್ಟೇ ಬೆನೆಡಿಕ್ಟ್, ಐದು ನಿಮಿಷ ಬಿಸಿ ನೀರಿನ ಶಾಖ. ನೀಲಿ ಹೋಗಿ ಹಸಿರು, ಹಳದಿ, ಇಟ್ಟಿಗೆ ಕೆಂಪು ಬಂದರೆ ಸಕ್ಕರೆ ಇದೆ ಎನ್ನುತ್ತದೆ ಕೈಪಿಡಿ. ದ್ರಾಕ್ಷಿ ರಸಕ್ಕೆ ಬರುತ್ತದೆ, ಹಾಲಿಗೂ ಬರುತ್ತದೆ, ಬೆಲ್ಲದ ನೀರಿಗೂ ಬರುತ್ತದೆ. ಚಹಾಕ್ಕೆ ಹಾಕುವ ಸಕ್ಕರೆಯ ನೀರಿಗೆ ಬರುವುದಿಲ್ಲ! ಬೆನೆಡಿಕ್ಟ್ ಹಿಡಿಯುವುದು ಗ್ಲೂಕೋಸ್, ಫ್ರಕ್ಟೋಸ್, ಹಾಲಿನ ಲ್ಯಾಕ್ಟೋಸ್‌ಗಳನ್ನು. ನಾವು ಸಕ್ಕರೆ ಎನ್ನುವ ಸುಕ್ರೋಸ್‌ನಲ್ಲಿ ಗ್ಲೂಕೋಸೂ ಫ್ರಕ್ಟೋಸೂ ಕೈಕೈ ಹಿಡಿದು ಕೂತಿರುವುದರಿಂದ ಬೆನೆಡಿಕ್ಟ್‌ನಲ್ಲಿರುವ ತಾಮ್ರದ ಜೊತೆ ಕೆಲಸ ಮಾಡುವ ತುದಿಯೇ ಖಾಲಿ ಇರುವುದಿಲ್ಲ. ಬೆಲ್ಲ ಕಾಯಿಸುವಾಗ ಒಂದಿಷ್ಟು ಸುಕ್ರೋಸ್ ಒಡೆದಿರುವುದರಿಂದ ಅಲ್ಲಿ ಬಣ್ಣ ಬರುತ್ತದೆ. ವಿವರಣೆ ಕೊಡದೆ ಬಿಟ್ಟರೆ ಮಕ್ಕಳು ತೀರ್ಮಾನಿಸುವುದು: ಬೆಲ್ಲ ತಿಂದರೆ ಸಕ್ಕರೆ, ಸಕ್ಕರೆ ತಿಂದರೆ ಏನೂ ಇಲ್ಲ. ಸುಕ್ರೋಸನ್ನು ಸಾರ ತಗ್ಗಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ, ಅಡುಗೆ ಸೋಡಾದಿಂದ ಆಮ್ಲ ತಗ್ಗಿಸಿ ಮತ್ತೆ ಪರೀಕ್ಷಿಸಿದರೆ ಬಣ್ಣ ಬರುತ್ತದೆ. ಆದರೆ ಆ ಆಮ್ಲ ಕಿಟ್‌ನಲ್ಲಿಲ್ಲ, ಅದು ಆರನೇ ತರಗತಿಯ ಕೆಲಸವೂ ಅಲ್ಲ. ಚಿಕ್ಕ ಮಕ್ಕಳಿಗೆ ಬೆನೆಡಿಕ್ಟ್ ಬಿಟ್ಟುಬಿಡಿ. ಅದರ ಬದಲು ತಂಪು ಪಾನೀಯದ ಬಾಟಲಿಯ ಲೇಬಲ್ ಓದಿಸಿ. 100 ಮಿ.ಲೀ.ಗೆ 10 ಗ್ರಾಂ ಎಂದಿದ್ದರೆ 250 ಮಿ.ಲೀ.ಗೆ 25 ಗ್ರಾಂ. ಅಷ್ಟು ಸಕ್ಕರೆಯನ್ನು ತೂಗಿ ಗಾಜಿನ ಲೋಟದಲ್ಲಿ ಸುರಿದು ತೋರಿಸಿ.

ಪ್ರೋಟೀನ್ ಪರೀಕ್ಷೆಗೆ ಬರೋಣ. ಮಾದರಿ 2 ಮಿ.ಲೀ., ಶೇ. 10ರ ಕಾಸ್ಟಿಕ್ ಸೋಡಾ ಹತ್ತು ಹನಿ, ಶೇ. 2ರ ಮೈಲುತುತ್ತ ಎರಡೇ ಎರಡು ಹನಿ, ಕುಲುಕಿ ಕೆಲ ನಿಮಿಷ ಬಿಡಬೇಕು. ನೇರಳೆ ಬಂದರೆ ಪ್ರೋಟೀನ್. ಮೊಟ್ಟೆಯ ಬಿಳಿ ಲೋಳೆಯನ್ನು ನೀರಿನಲ್ಲಿ ಕದಡಿ ಮಾಡಿದರೆ ತಪ್ಪುವುದೇ ಇಲ್ಲ. ಮೈಲುತುತ್ತ ಹತ್ತು ಹನಿ ಬಿತ್ತೋ, ಅದರ ನೀಲಿಯೇ ನೇರಳೆಯನ್ನು ನುಂಗಿಬಿಡುತ್ತದೆ. ಬೇಯಿಸಿದ ಸಾಂಬಾರನ್ನು ತಂದರೆ ಇನ್ನೊಂದು ಗೊಂದಲ: ಕ್ಷಾರ ತಾಗಿದ ಅರಿಶಿನ ಕೆಂಪಾಗುತ್ತದೆ, ಮಕ್ಕಳು ಅದನ್ನೇ ಫಲಿತಾಂಶವೆಂದು ಬರೆದುಕೊಳ್ಳುತ್ತಾರೆ. ಅರಿಶಿನ ಹಾಕದ ಬೇಳೆಯನ್ನೇ ಬಳಸಿ: ರಾತ್ರಿ ನೆನೆಸಿ, ರುಬ್ಬಿ, ಸೋಸಿದ ತಿಳಿ.

ಅನ್ನದ ಗಂಜಿಗೆ ಈ ಪರೀಕ್ಷೆ ಮಾಡಿದರೆ ಬಣ್ಣ ಬಾರದೆ ಹೋಗುವುದೇ ಹೆಚ್ಚು. ಅಕ್ಕಿಯ ಪ್ರೋಟೀನ್ ಬಹುಪಾಲು ನೀರಿಗೆ ಬಿಡುವಂಥದ್ದಲ್ಲ, ಕಾಳಿನೊಳಗೇ ಉಳಿಯುತ್ತದೆ. ಆದರೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇದೆ. ಈ ಜಾಗದಲ್ಲಿ ಕಿಟ್ ಮುಚ್ಚಿಟ್ಟು ಅಡುಗೆಮನೆಯ ಡಿಜಿಟಲ್ ತಕ್ಕಡಿ ತೆಗೆಯುವುದು ಒಳ್ಳೆಯದು. ಬಿಸಿಯೂಟದ ನಿಯಮದಲ್ಲಿ ಐದನೇ ತರಗತಿವರೆಗಿನ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಸಿಗಬೇಕಾದ್ದು 450 ಕಿಲೋಕ್ಯಾಲೊರಿ, 12 ಗ್ರಾಂ ಪ್ರೋಟೀನ್. ನಾಲ್ಕನ್ನೂ ಹಸಿಯಾಗಿಯೇ ತೂಗಿ ನಾಲ್ಕು ಸ್ಟೀಲ್ ಬಟ್ಟಲಲ್ಲಿ ಸಾಲಾಗಿ ಇಡಿ. ತೊಗರಿಬೇಳೆಯ ಬಟ್ಟಲಲ್ಲಿ ಒಂದು ಸಣ್ಣ ಹಿಡಿಯೂ ತುಂಬುವುದಿಲ್ಲ. ಆ 20 ಗ್ರಾಂ ಬೇಳೆಯಿಂದ ನಾಲ್ಕು ಗ್ರಾಂ ಚಿಲ್ಲರೆ, ಅಕ್ಕಿಯಿಂದ ಎಂಟು. ಹನ್ನೆರಡಕ್ಕೆ ಹನ್ನೆರಡು ಸರಿಹೋಯಿತು. ಪರೀಕ್ಷೆಯಲ್ಲಿ ‘ಇಲ್ಲ’ ಅನ್ನಿಸಿಕೊಂಡ ಅಕ್ಕಿಯೇ ಹೆಚ್ಚು ಕೊಟ್ಟಿರುತ್ತದೆ. ಪ್ರೋಟೀನ್ ಕಟ್ಟುವ ಬಿಡಿಭಾಗಗಳಲ್ಲಿ (ಅಮೈನೊ ಆಮ್ಲ) ಅಕ್ಕಿಯಲ್ಲಿ ಕಮ್ಮಿ ಇರುವ ಲೈಸಿನ್ ಬೇಳೆಯಲ್ಲಿದೆ, ಬೇಳೆಯಲ್ಲಿ ಕಮ್ಮಿ ಇರುವ ಮೆಥಿಯೊನಿನ್ ಅಕ್ಕಿಯಲ್ಲಿದೆ ಎಂಬುದನ್ನು ಆಗಲೇ ಸೇರಿಸಿದರೆ ಅನ್ನ-ಸಾರಿನ ಜೋಡಿಯ ಅರ್ಥ ಮಕ್ಕಳಿಗೆ ತಾನಾಗಿ ಇಳಿಯುತ್ತದೆ.

ಅದೇ ತಕ್ಕಡಿಯಿಂದ ಇನ್ನೊಂದು ಹೋಲಿಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ 2000 ಕಿಲೋಕ್ಯಾಲೊರಿಯ ದಿನಕ್ಕೆ 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ. ಧಾನ್ಯಕ್ಕಿಂತ ತರಕಾರಿ ಹೆಚ್ಚು. ನಮ್ಮ ಮನೆಗಳ ತಟ್ಟೆಯಲ್ಲಿ ಪಲ್ಯಕ್ಕೆ ಮೂಲೆಯಷ್ಟೇ ಜಾಗ. ಮಗು ತನ್ನ ಮನೆಯ ರಾತ್ರಿಯೂಟದ ತಟ್ಟೆಯ ಚಿತ್ರ ಬಿಡಿಸಿ ತಂದರೆ ಸಾಕು, ಯಾರೂ ಉಪದೇಶ ಮಾಡಬೇಕಿಲ್ಲ.

ಕಿಟ್ಟಿನ ಕೈಪಿಡಿ ಸಾಮಾನ್ಯವಾಗಿ ಮುಟ್ಟದ, ಆದರೆ ಅದೇ ಅಯೋಡಿನ್‌ನಿಂದ ಆಗುವ ಒಂದು ಪ್ರಯೋಗ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಯಾಕೆಂದರೆ ಇದೊಂದೇ ‘ಎಷ್ಟಿದೆ’ ಎಂಬುದಕ್ಕೆ ಉತ್ತರ ಕೊಡುತ್ತದೆ. ಅರ್ಧ ಟೀ ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ, 100 ಮಿ.ಲೀ. ಕುದಿಯುವ ನೀರಿಗೆ ಸುರಿದು ಒಂದು ನಿಮಿಷ ಕುದಿಸಿ, ಪೂರ್ತಿ ಆರಲಿ. ಇದರ ಒಂದು ಚಮಚವನ್ನು ಇನ್ನೊಂದು 100 ಮಿ.ಲೀ. ತಣ್ಣೀರಿಗೆ ಬೆರೆಸಿ, ತಿಳಿ ನೀಲಿ ಬರುವಷ್ಟು ಅಯೋಡಿನ್ ಹನಿಸಿ. ಪ್ರತಿ ಪ್ರನಾಳಕ್ಕೆ 5 ಮಿ.ಲೀ. ಈಗ ಹಣ್ಣಿನ ರಸವನ್ನು ಹನಿ ಹನಿಯಾಗಿ ಎಣಿಸಿ ಹಾಕುತ್ತಾ ಹೋಗಬೇಕು. ವಿಟಮಿನ್ ಸಿ ಅಯೋಡಿನ್ನನ್ನು ತಿಂದುಹಾಕುತ್ತದೆ, ನೀಲಿ ಹೋಗಿ ಬಣ್ಣವಿಲ್ಲದ ನೀರಾಗುತ್ತದೆ. ಕಮ್ಮಿ ಹನಿಗೆ ಬಣ್ಣ ಹೋದರೆ ವಿಟಮಿನ್ ಹೆಚ್ಚು. ಹೋಲಿಕೆ ನ್ಯಾಯವಾಗಿರಬೇಕಾದರೆ ಸೀಬೆ, ನೆಲ್ಲಿ, ನಿಂಬೆ ರಸ ಎಲ್ಲವನ್ನೂ 10 ಗ್ರಾಂ ತೂಗಿ 100 ಮಿ.ಲೀ. ನೀರಿನಲ್ಲಿ ಅರೆದು ಸೋಸಿಕೊಳ್ಳಬೇಕು. ಒಂದೇ ಹನಿಗೆ ಬಣ್ಣ ಹೋದರೆ ಎಲ್ಲ ರಸಗಳನ್ನೂ ಒಂದೇ ಪ್ರಮಾಣದಲ್ಲಿ ಇನ್ನಷ್ಟು ತೆಳುವಾಗಿಸಿ.

ನಿಂಬೆ ಗೆಲ್ಲುತ್ತದೆಂದು ತರಗತಿಯೆಲ್ಲ ಅಂದುಕೊಂಡಿರುತ್ತದೆ. ಗೆಲ್ಲುವುದು ಸೀಬೆ ಮತ್ತು ನೆಲ್ಲಿ. ಸೀಬೆಯಲ್ಲಿ 100 ಗ್ರಾಂಗೆ 200 ಮಿಲಿಗ್ರಾಂ ದಾಟುತ್ತದೆ, ನಿಂಬೆಯದು ಅದರ ಕಾಲು ಭಾಗದಷ್ಟು. ಹುಳಿಗೂ ವಿಟಮಿನ್‌ಗೂ ನಂಟಿಲ್ಲ ಎಂಬುದಕ್ಕೆ ವಿನಿಗರ್ ಹನಿಸಿ. ಎಷ್ಟು ಹನಿಸಿದರೂ ನೀಲಿ ಹಾಗೇ ಉಳಿಯುತ್ತದೆ, ನೀರು ಹೆಚ್ಚಾದಂತೆ ಒಂದಿಷ್ಟು ತೆಳುವಾಗಬಹುದು ಅಷ್ಟೆ. ಹೀಗೊಂದು ಪಕ್ಕದ ಪ್ರನಾಳ ಇಟ್ಟು ನೋಡುವುದನ್ನು ಕಲಿಸುವುದೇ ವಿಜ್ಞಾನ. ಅಂಗಡಿಯ ಸ್ಕ್ವಾಶ್ ಬಳಸುವಾಗ ಲೇಬಲ್ ನೋಡಿ: 224 ಎಂಬ ಸಂರಕ್ಷಕ ಇದ್ದರೆ ಅದು ಸಲ್ಫೈಟ್, ಅದೂ ಅಯೋಡಿನ್ ಬಣ್ಣ ತೆಗೆಯುತ್ತದೆ, ವಿಟಮಿನ್ ಇಲ್ಲದೆಯೂ ಇದೆ ಅನ್ನಿಸುತ್ತದೆ. ಕೊನೆಯಲ್ಲಿ ರಸವನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಇಂಗಿದಷ್ಟು ನೀರು ಸೇರಿಸಿ ಮತ್ತೆ ಎಣಿಸಿದರೆ ಹನಿಗಳ ಲೆಕ್ಕ ಏರುತ್ತದೆ. ಕೋಸಂಬರಿಗೆ ಹಸಿ ನಿಂಬೆಯನ್ನೇ ಹಿಂಡುವುದೇಕೆ ಎಂಬ ಮಾತನ್ನು ಇಲ್ಲಿಂದ ಎತ್ತಬಹುದು: ಹೆಸರುಬೇಳೆಯ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ವಿಟಮಿನ್ ಸಿ ನೆರವಾಗುತ್ತದೆ.

ಕೊಬ್ಬಿನ ಪರೀಕ್ಷೆಗೆ ಕಿಟ್ಟೇ ಬೇಡ. ಕಡಲೆಕಾಯಿ ಬೀಜವನ್ನು ಬಿಳಿ ಕಾಗದದ ಮೇಲೆ ಉಜ್ಜಿ, ಒಣಗಲು ಬಿಟ್ಟು, ಬೆಳಕಿಗೆ ಹಿಡಿದರೆ ಆಯಿತು, ಬೆಳಕು ತೂರುವ ಕಲೆ ಕಂಡರೆ ಕೊಬ್ಬು. ಒಣಗಿಸದೆ ನೋಡಿದರೆ ನೀರಿನ ಕಲೆಯೂ ಎಣ್ಣೆಯಂತೆಯೇ ಕಾಣುತ್ತದೆ.

ಸುರಕ್ಷತೆಯಲ್ಲಿ ರಾಜಿ ಬೇಡ. ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಆ ಬಾಟಲಿ ಎಂಟನೇ ತರಗತಿಗಿಂತ ಕೆಳಗಿನ ಮಕ್ಕಳ ಕೈಗೆ ಹೋಗದಿರಲಿ, ಹನಿಯನ್ನು ಶಿಕ್ಷಕರೇ ಹಾಕಲಿ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ-ಸುಣ್ಣದ ಔಷಧಿ) ಹೊಡೆಯುವ ಮನೆಗಳ ಮಕ್ಕಳಿಗೆ ಮೈಲುತುತ್ತ ಹೊಸದಲ್ಲ, ಆದರೂ ಅದು ವಿಷ ಎಂದು ಹೇಳಲೇಬೇಕು. ಸ್ಪಿರಿಟ್ ದೀಪವನ್ನು ಡಬ್ಬಿಯಲ್ಲೇ ಬಿಡಿ. ಕುದಿದ ನೀರು ತುಂಬಿದ ಸ್ಟೀಲ್ ಮಗ್ ಬೆನೆಡಿಕ್ಟ್‌ಗೆ ಸಾಕು. ಪರೀಕ್ಷೆ ಮಾಡಿದ ಆಹಾರ ಯಾರ ಬಾಯಿಗೂ ಹೋಗಬಾರದು, ನಾಯಿ-ಹಸುವಿಗೂ ಹಾಕಬಾರದು.

ಅಯೋಡಿನ್ ಮುಗಿದರೆ ಹೊಸ ಕಿಟ್ ತರಿಸಬೇಕಿಲ್ಲ. ಮೆಡಿಕಲ್ ಸ್ಟೋರಿನ ಟಿಂಕ್ಚರ್ ಅಯೋಡಿನ್ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿದರೆ ಕೆಲಸ ನಡೆಯುತ್ತದೆ. ಪ್ರನಾಳಗಳನ್ನು ಪ್ಲಾಸ್ಟಿಕ್‌ನದ್ದು ಕೊಟ್ಟಿದ್ದರೆ ಹಿಂದಿರುಗಿಸಿ, ಶಾಖ ತಡೆಯುವ ಗಾಜಿನದ್ದೇ ಕೇಳಿ.